ಹಲಗೆಯಿಂದ ಜಾರಿದ ಗುಲಗಂಜಿ

ಆ ಊರಿಗೆ ಮೂರು ಬಾಗಿಲು: ನೀರಬಾಗಿಲು, ಕಲ್ಲುಬಾಗಿಲು, ಬೆಂಕಿಬಾಗಿಲು. ಸಂಜೆ ಕೆಂಪಾಗುತ್ತಿದ್ದಂತೆ ಮೂರನ್ನೂ ಮುಚ್ಚಬೇಕು, ಮೂರನ್ನೂ ಒಟ್ಟಿಗೇ ಮುಚ್ಚಬೇಕು. ಒಂದು ಮುಂದಾಗಿ ಇನ್ನೊಂದು ಹಿಂದಾದರೆ ಮರುದಿನ ಬೆಳಿಗ್ಗೆ ಊರಿನ ಯಾವುದೋ ಒಂದು ಮನೆಯ ಒಲೆ ತಣ್ಣಗಿರುತ್ತದೆ. ಹಾಸಿದ ಚಾಪೆ ಹಾಸಿದಂತೆಯೇ, ಮುಚ್ಚಿಟ್ಟ ಅನ್ನ ಮುಚ್ಚಿಟ್ಟಂತೆಯೇ ಇರುತ್ತದೆ. ಮನೆಯವರು ಮಾತ್ರ ಇರುವುದಿಲ್ಲ. ಒಳಗೆ ಬಂದದ್ದು ಏನು, ಅದು ಅವರನ್ನು ಎಲ್ಲಿಗೆ ಒಯ್ದಿತು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದವರ ಒಲೆಯೇ ಮುಂದಿನದು ಎಂಬ ಭಯ. ಪಕ್ಕದ ಮನೆಯವರು ಸದ್ದಿಲ್ಲದೆ ಬಂದು, ಆ ಒಲೆಯ ಬೂದಿ ಬಳಿದು, ಕದ ಎಳೆದುಕೊಂಡು ಹೋಗುತ್ತಿದ್ದರು.

ಬಾಗಿಲು ಕಾಯುವವರಿಗೆ ಊರಿನ ಮಾತು ಬಾರದು. ಅವರು ಬಾಗಿಲಲ್ಲೇ ಹುಟ್ಟಿ ಬಾಗಿಲಲ್ಲೇ ಸಾಯುವವರು. ನೀರಬಾಗಿಲವರಿಗೆ ಹಗ್ಗದ ಗಂಟು ಮಾತ್ರ ತಿಳಿಯುತ್ತದೆ. ಕಲ್ಲುಬಾಗಿಲವರಿಗೆ ನಗಾರಿಯ ಪೆಟ್ಟು ಮಾತ್ರ. ಬೆಂಕಿಬಾಗಿಲವರಿಗೆ ಹೊಗೆಯ ಬಣ್ಣ ಮಾತ್ರ. ಮೂರು ಕಡೆಯವರಿಗೂ ಕಟ್ಟಳೆ ಒಂದೇ. ಆಜ್ಞೆಯಲ್ಲಿ ಇದ್ದದ್ದನ್ನು ಮಾಡಬೇಕು, ಇಲ್ಲದ್ದನ್ನು ಮಾಡಬಾರದು. ಹಿಂದೊಮ್ಮೆ ಕಲ್ಲುಬಾಗಿಲವರ ಸ್ವಂತ ಗುಡಿಸಲುಗಳಿಗೆ ಬೆಂಕಿ ಬಿದ್ದಾಗ ನಂದಿಸು ಎಂಬ ಪೆಟ್ಟು ನಗಾರಿಯಲ್ಲಿ ಬರಲಿಲ್ಲವೆಂದು ಅವರು ನಿಂತಲ್ಲೇ ನಿಂತಿದ್ದರಂತೆ. ಇದನ್ನು ಊರಿನವರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು. ಇಂಥ ಕಾವಲು ಬೇರೆ ಯಾವ ಊರಿಗಿದೆ ಎನ್ನುತ್ತಿದ್ದರು. ನನಗಂತೂ ಆ ಹೆಮ್ಮೆ ಯಾವತ್ತೂ ಅರ್ಥವಾಗಿಲ್ಲ.

ಆಜ್ಞೆ ಹೊರಡುವುದು ಊರ ನಡುವಿನ ಕಟ್ಟೆಯಿಂದ. ಕಟ್ಟೆಯ ಮೇಲೆ ಹಿರಿಯರು ಕೂತಿರುತ್ತಾರೆ. ಅಲ್ಲಿ ಅವರು ಆಡುವುದು ಕಿರುನುಡಿ. ಬಾಗಿಲ ಕೆಲಸಕ್ಕೆಂದೇ ಯಾರೋ ಹಿಂದಿನವರು ಕಟ್ಟಿಕೊಟ್ಟ ನುಡಿ ಅದು. ಬೆರಳ ಮೇಲೆ ಎಣಿಸುವಷ್ಟೇ ಮಾತು. ಹಸಿವಾಯಿತು ಎನ್ನಲು ಅದರಲ್ಲಿ ಮಾತಿಲ್ಲ, ತಪ್ಪಾಯಿತು ಎನ್ನಲು ಇಲ್ಲ, ಯಾಕೆ ಎನ್ನಲು ಮೊದಲೇ ಇಲ್ಲ. ಜಗಳ ಹುಟ್ಟದ ನುಡಿ ಎಂದು ಅದನ್ನು ಹೊಗಳುತ್ತಿದ್ದರು. ಸಂಜೆ ಕಟ್ಟೆಯ ಮೇಲಿಂದ ಕೇಳುತ್ತಿದ್ದದ್ದು ಇಷ್ಟೇ: ಹಿಡಿ. ಎತ್ತು. ತಿರುಗು. ಬಿಡು.

ಕಟ್ಟೆಯ ಪಕ್ಕದಲ್ಲಿ ಇಳಿಸುವ ಮನೆ. ಕಟ್ಟೆಯಿಂದ ಬಂದ ಕಿರುನುಡಿಯನ್ನು ಮೂರು ಬಾಗಿಲಿಗೆ ತಿಳಿಯುವಂತೆ ಇಳಿಸುವುದು ಆ ಮನೆಯ ಕೆಲಸ. ಅಲ್ಲಿ ಮೂವರಿದ್ದರು. ಗಂಟಿನವಳು ಹಗ್ಗಕ್ಕೆ ಗಂಟು ಹಾಕಿ, ಬುಟ್ಟಿಯಲ್ಲಿಟ್ಟು, ಇಳಿಜಾರಿನ ತಂತಿಯ ಮೇಲೆ ನೀರಬಾಗಿಲಿಗೆ ಬಿಡುತ್ತಿದ್ದಳು. ನಗಾರಿಯವಳು ಮಾಳಿಗೆ ಹತ್ತಿ ನಗಾರಿ ಬಾರಿಸುತ್ತಿದ್ದಳು. ಹೊಗೆಯವನು ಮುದುಕ, ಹಿತ್ತಲಲ್ಲಿ ಕುಂಡದ ಮುಂದೆ ಕೂತು ಹಸಿಸೊಪ್ಪನ್ನೋ ಅರಗನ್ನೋ ಗಂಧಕವನ್ನೋ ಹಾಕಿ ಬಣ್ಣ ಎಬ್ಬಿಸುತ್ತಿದ್ದ. ಮೂವರೂ ಒಂದೇ ಮಾತನ್ನು ಕೇಳಿಸಿಕೊಳ್ಳುತ್ತಿದ್ದರು, ಮೂವರೂ ತಮಗೆ ತಿಳಿದಂತೆ ಇಳಿಸುತ್ತಿದ್ದರು. ಒಬ್ಬಳು ಅವಸರದವಳು, ಒಬ್ಬ ನಿಧಾನಿ. ಒಲೆಗಳು ತಣ್ಣಗಾಗುತ್ತಿದ್ದದ್ದು ಹೀಗೆ.

ಇದು ಗಂಟಿನವಳ ಕಥೆ. ಅವಳ ಗಂಡ ನೀರಬಾಗಿಲಿನಲ್ಲಿ ಹೂಳು ತೆಗೆಯುವವನು. ನೀರಬಾಗಿಲು ಎಂದರೆ ಮೇಲಿಂದ ಕೆಳಗೆ ಬೀಳುವ ದೊಡ್ಡ ಮರದ ಹಲಗೆ. ಅದರ ಬುಡದಲ್ಲಿ ಒಂದು ಗುಂಡಿ. ಹೊಳೆ ತುಂಬಿದ ದಿನಗಳಲ್ಲಿ ಗುಂಡಿಗೆ ಹೂಳು ಸೇರುತ್ತದೆ. ಅದನ್ನು ತೆಗೆಯದಿದ್ದರೆ ಹಲಗೆ ಕೂರುವುದಿಲ್ಲ. ಹಲಗೆ ಬಿದ್ದರೆ ಗುಂಡಿಯ ತುಂಬ ನೀರು. ಕಾಯುವವರು ಹೊಳೆಯ ಕಡೆ ಮುಖ ಮಾಡಿ, ಗುಂಡಿಗೆ ಬೆನ್ನು ಹಾಕಿ ನಿಂತಿರುತ್ತಾರೆ. ಅವನು ಅವರ ಬೆನ್ನ ಕೆಳಗೆ, ಮೊಣಕಾಲುದ್ದ ಕೆಸರಿನಲ್ಲಿ, ಸಲಿಕೆ ಹಿಡಿದು ಸಂಜೆಯವರೆಗೂ ಬಗ್ಗಿರುತ್ತಿದ್ದ. ಊರಿನ ಮಾತು ಆಡುವವರಲ್ಲಿ ಬಾಗಿಲಿಗೆ ಹೋಗಿ ದುಡಿಯುತ್ತಿದ್ದವನು ಅವನೊಬ್ಬನೇ.

ಮದುವೆಯಾದ ಹೊಸತರಲ್ಲಿ ಅವಳು ಒಮ್ಮೆ ಕೇಳಿದ್ದಳು.

"ಹಲಗೆ ಬಿಡೋ ಹೊತ್ತಿಗೆ ನೀವು ಕೆಳಗೇ ಇದ್ದುಬಿಟ್ರೆ? ನಂಗೆ ಒಂದೊಂದ್ಸಲ ಕೈಕಾಲೇ ಆಡಲ್ಲ ನೋಡಿ."

"ಅಯ್ಯೋ, ಅವ್ರು ಒಳ್ಳೇ ಜನ ಕಣೆ," ಅಂದ ಅವನು, ಮುದ್ದೆ ಮುರಿಯುತ್ತಾ. "ಬಿಡೋಕೆ ಮುಂಚೆ ಒಂದ್ಸಲ ಎಲ್ರೂ ತಿರುಗಿ ನನ್ ಕಡೆ ನೋಡ್ತಾರೆ. ನಾನು ಕೈ ಎತ್ತಿದ್ರೆ ಕಾಯ್ತಾರೆ. ಮೇಲೆ ಬಂದು ಕೈ ಇಳಿಸಿದ್ಮೇಲೇ ಬಿಡೋದು. ನಮ್ ಮಾತು ಬರ್ದೇ ಇದ್ರೇನು, ಮನುಷ್ಯತ್ವ ಇದೆ."

ಅವಳಿಗೆ ಸಮಾಧಾನವಾಯಿತು. ಆ ರಾತ್ರಿ ಆ ಕಾಣದ ಕಾವಲುಗಾರರ ಮಕ್ಕಳುಮರಿ ತಣ್ಣಗಿರಲಿ ಎಂದು ದೀಪಕ್ಕೆ ಕೈಮುಗಿದಳು.

ಅವರಲ್ಲಿ ಮನುಷ್ಯತ್ವ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅವರು ನೋಡುತ್ತಿದ್ದದ್ದು ಅದಕ್ಕಲ್ಲ. ಆಜ್ಞೆಯಲ್ಲಿ ತಿರುಗು ಎಂದಿತ್ತು, ಅದಕ್ಕೆ ತಿರುಗುತ್ತಿದ್ದರು. ತಿರುಗಿದಾಗ ಎತ್ತಿದ ಕೈ ಕಂಡರೆ ಕಾಯಬೇಕು ಎಂದು ಆ ಗಂಟಿನ ಜೊತೆಗೇ ಅವರ ಅಜ್ಜಂದಿರು ಕಲಿಸಿದ್ದರು, ಅದಕ್ಕೆ ಕಾಯುತ್ತಿದ್ದರು. ಆ ಗಂಟನ್ನು ದಿನವೂ ಕಟ್ಟುತ್ತಿದ್ದವಳು ಇವಳೇ. ಗಂಡನನ್ನು ಅಷ್ಟು ದಿನ ಮೇಲೆತ್ತಿ ಮನೆಗೆ ಕಳಿಸುತ್ತಿದ್ದದ್ದು ತನ್ನದೇ ಬೆರಳು ಎಂದು ಅವಳಿಗೆ ಹೊಳೆಯಲಿಲ್ಲ. ಅವಳಿಗೆ ತಿಳಿದಂತೆ ಮೂರನೆಯ ಗಂಟು ಎಂದರೆ ಒಂದು ಸುತ್ತು ತಿರುಗುವುದು, ಅಷ್ಟೇ. ಹಳೆಯ ಕಾಲದ ಯಾವುದೋ ಶಾಸ್ತ್ರ.

ಒಂದು ಬೆಳಿಗ್ಗೆ ಅವಳ ಅಕ್ಕನ ಮನೆಯ ಒಲೆ ತಣ್ಣಗಿತ್ತು.

ಅಕ್ಕ, ಭಾವ, ತೊಟ್ಟಿಲ ಮಗು, ಯಾರೂ ಇರಲಿಲ್ಲ. ತೊಟ್ಟಿಲ ಬಟ್ಟೆಯಲ್ಲಿ ಇನ್ನೂ ಹಾಲಿನ ವಾಸನೆ ಇತ್ತು. ಗಂಟಿನವಳು ಬೂದಿ ಬಳಿಯಲು ಯಾರನ್ನೂ ಬಿಡಲಿಲ್ಲ, ತಾನೇ ಬಳಿದಳು. ಹಿಂದಿನ ಸಂಜೆ ತಾನು ಕಟ್ಟಿದ ಹಗ್ಗ ನಗಾರಿಗಿಂತ ತಡವಾಗಿ ಇಳಿದಿತ್ತು ಎಂದು ಅವಳಿಗೆ ಗೊತ್ತಿತ್ತು. ಅಂದಿನಿಂದ ಅವಳು ಊಟ ಕಡಿಮೆ ಮಾಡಿದಳು, ಮಾತು ಕಡಿಮೆ ಮಾಡಿದಳು. ಮೂರು ಜನ ಮೂರು ರೀತಿ ಕೇಳಿಸಿಕೊಳ್ಳುವವರೆಗೂ ಒಲೆಗಳು ಆರುತ್ತಲೇ ಇರುತ್ತವೆ ಎಂಬುದೊಂದೇ ಅವಳ ತಲೆಯಲ್ಲಿ ಕೊರೆಯುತ್ತಿತ್ತು.

ಕೊನೆಗೊಂದು ದಿನ ಅವಳು ಇಳಿಸುವ ಮನೆಯ ನಡುವೆ ಒಂದು ಹಲಗೆ ಹಾಕಿಸಿದಳು. ಅದರಲ್ಲಿ ಸಾಲಾಗಿ ಕುಳಿ ಕೊರೆಸಿದಳು. ಕಟ್ಟೆಯಿಂದ ಬಂದ ಮಾತನ್ನು ಇನ್ನು ಮೂವರು ಕೇಳುವುದು ಬೇಡ, ಒಬ್ಬರೇ ಕೇಳಲಿ. ಕೇಳಿ ಬೀಜಗಳಾಗಿ ಹಲಗೆಯ ಮೇಲೆ ಇಡಲಿ. ಉಳಿದವರು ಹಲಗೆಯನ್ನು ಮಾತ್ರ ನೋಡಲಿ. ಹಿಡಿ ಎಂದರೆ ಹುಣಸೆಬೀಜ. ಎತ್ತು ಎಂದರೆ ಹೊಂಗೆಬೀಜ. ತಿರುಗು ಎಂದರೆ ಗುಲಗಂಜಿ. ಬಿಡು ಎಂದರೆ, ಬೀಜವಲ್ಲದಿದ್ದರೂ, ಕವಡೆ. ಬೀಜ ನಗಾರಿಯೂ ಅಲ್ಲ, ಗಂಟೂ ಅಲ್ಲ, ಹೊಗೆಯೂ ಅಲ್ಲ. ಅದು ಯಾವ ಬಾಗಿಲಿಗೂ ಸೇರಿದ್ದಲ್ಲ, ಎಲ್ಲ ಬಾಗಿಲಿಗೂ ಸಲ್ಲುವಂಥದ್ದು.

ಬೀಜ ಇಡುವ ಕೆಲಸವನ್ನು ಅವಳೇ ವಹಿಸಿಕೊಂಡಳು. ಹಗ್ಗ ಕಟ್ಟಲು ಬೇರೊಬ್ಬಳನ್ನು ಕೂರಿಸಿದರು. ಅಂದಿನಿಂದ ಊರು ಅವಳನ್ನು ಗಂಟಿನವಳು ಎನ್ನುವುದನ್ನು ಬಿಟ್ಟು ಇಳಿಸುವವಳು ಎಂದು ಕರೆಯಿತು.

ಒಲೆಗಳು ತಣ್ಣಗಾಗುವುದು ಅಪರೂಪವಾಯಿತು. ಅಷ್ಟರಲ್ಲಿ ಊರಿನವರಿಗೆ ನಾಲ್ಕನೆಯ ಬಾಗಿಲೊಂದು ಬೇಕೆನಿಸಿತು. ಗುಡ್ಡದ ಮೇಲೆ ಗಾಳಿಬಾಗಿಲು ಎದ್ದಿತು. ಅಲ್ಲಿಯವರಿಗೆ ಗಂಟೆಯ ನಾದ ಮಾತ್ರ ತಿಳಿಯುತ್ತಿತ್ತು. ಹಳೆಯ ಪದ್ಧತಿಯಾಗಿದ್ದರೆ ಆ ಬಾಗಿಲಿಗೆ ಇಳಿಸುವವರನ್ನು ತಯಾರು ಮಾಡುವುದರಲ್ಲೇ ಎಷ್ಟೋ ಮನೆಗಳು ಖಾಲಿಯಾಗುತ್ತಿದ್ದವು. ಈಗ ಒಬ್ಬ ಹುಡುಗಿಗೆ ಬೀಜ ನೋಡಿ ಗಂಟೆ ಹೊಡೆಯಲು ಕಲಿಸಿದರೆ ಮುಗಿಯಿತು. ಹಿರಿಯರು ಇಳಿಸುವವಳನ್ನು ಕಟ್ಟೆಯ ಬಳಿ ಕರೆಸಿ ಸೀರೆ ಕೊಟ್ಟರು. ಅವಳು ಆ ಸೀರೆಯನ್ನು ಅಕ್ಕನ ಖಾಲಿ ಮನೆಯ ಗಳದ ಮೇಲೆ ಹಾಕಿ ಬಂದಳು.

ಆದರೂ ಎಲ್ಲೋ ಒಂದು ಎಳೆ ತಡವಾಗುತ್ತಿತ್ತು. ನಗಾರಿಯಲ್ಲಿ ತಿರುಗು ಎನ್ನಲು ಉದ್ದನೆಯ ವರಸೆ ಬೇಕು. ಅದು ಮುಗಿಯುವಷ್ಟರಲ್ಲಿ ಬೇರೆ ಬಾಗಿಲವರು ಕೊನೆಯ ಮಾತಿಗೆ ಬಂದಿರುತ್ತಿದ್ದರು. ಮಾಳಿಗೆಯಿಂದ ಇಳಿದು ಬಂದ ನಗಾರಿಯವಳು ತೋಳು ಒತ್ತಿಕೊಳ್ಳುತ್ತಾ ಹೇಳಿದಳು.

"ಅಕ್ಕಾ, ಈ ತಿರುಗು ಅನ್ನೋದು ಯಾಕ್ ಬೇಕು ಹೇಳಿ. ಅವ್ರು ತಿರುಗ್ತಾರೆ, ಮತ್ತೆ ಇದ್ದ ಹಾಗೇ ನಿಲ್ತಾರೆ. ಹಿಡಿಯೋದು ಸರಿ, ಎತ್ತೋದು ಸರಿ. ತಿರುಗಿದ್ರೆ ಬಾಗಿಲಿಗೇನಾಗುತ್ತೆ?"

"ಇಟ್ಟೋರು ಏನೋ ನೋಡೇ ಇಟ್ಟಿರ್ತಾರೆ," ಅಂದ ಹೊಗೆಯವನು. ಏನು ನೋಡಿ ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ಕೆಮ್ಮುತ್ತಾ ಕುಂಡಕ್ಕೆ ಇನ್ನೊಂದು ಹಿಡಿ ಹಸಿಸೊಪ್ಪು ಹಾಕಿದ.

ಇಳಿಸುವವಳು ಸುಮ್ಮಸುಮ್ಮನೆ ಕೈ ಹಾಕುವವಳಲ್ಲ. ಬೇಸಿಗೆಯಲ್ಲಿ ಅವಳು ಒಂದೊಂದು ಬಾಗಿಲಿಗೂ ಹೋಗಿ ನಿಂತು ನೋಡಿದಳು. ಒಂದು ಸಂಜೆ ಗುಲಗಂಜಿ ಇಡಿಸಿ ನೋಡಿದಳು, ಇನ್ನೊಂದು ಸಂಜೆ ತೆಗೆಸಿ ನೋಡಿದಳು. ಕಲ್ಲುಬಾಗಿಲು ಬಯಲಿನಲ್ಲಿದೆ, ತಿರುಗಿದರೂ ಬಯಲೇ. ಬೆಂಕಿಬಾಗಿಲವರು ತಿರುಗಿದಾಗ ಅವರ ಬೆನ್ನಿಗೊಂದಿಷ್ಟು ಕಾವು ತಗಲುತ್ತಿತ್ತು. ಗಾಳಿಬಾಗಿಲಿನಲ್ಲಿ ಮುಂಡಾಸು ಹಾರುತ್ತಿತ್ತು. ನೀರಬಾಗಿಲಿಗೆ ಹೋದಾಗ ಹೊಳೆ ಸೊರಗಿತ್ತು, ಗುಂಡಿ ಒಣಗಿತ್ತು. ಹೂಳಿಲ್ಲದ ದಿನಗಳಾದ್ದರಿಂದ ಅವಳ ಗಂಡ ಮನೆಯಲ್ಲಿ ಬುಟ್ಟಿ ಹೆಣೆಯುತ್ತಾ ಕೂತಿದ್ದ. ಕಾಯುವವರು ತಿರುಗಿದರು, ಒಣಗುಂಡಿ ನೋಡಿದರು, ಮತ್ತೆ ಹೊಳೆಯ ಕಡೆ ಮುಖ ಮಾಡಿ ಹಲಗೆ ಬಿಟ್ಟರು. ಮರುದಿನ ತಿರುಗದೆಯೇ ಬಿಟ್ಟರು. ಹಲಗೆ ಎರಡು ಸಲವೂ ಅದೇ ಜಾಡಿನಲ್ಲಿ, ಅದೇ ಸದ್ದಿನಲ್ಲಿ ಕೂತಿತು.

ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ.

"ಅದನ್ನ ತೆಗೆದ್ರೆ ಬಾಗಿಲು ಮುಚ್ಚುತ್ತೋ ಇಲ್ವೋ?"

"ಮುಚ್ಚುತ್ತೆ."

"ಮತ್ತಿನ್ನೇನು?"

ಹೀಗೆ ಇಳಿಸುವ ಮನೆಯಲ್ಲಿ ಹೊಸ ನೇಮವೊಂದು ಹುಟ್ಟಿತು. ಇಟ್ಟರೂ ತೆಗೆದರೂ ಬಾಗಿಲು ಒಂದೇ ರೀತಿ ನಿಲ್ಲುವುದಾದರೆ ಆ ಬೀಜ ಹಲಗೆಯ ಮೇಲೆ ಇರಬೇಕಾಗಿಲ್ಲ. ಹಿರಿಯರು ಕಟ್ಟೆಯ ಮೇಲೆ ಮೊದಲಿನಂತೆಯೇ ಹೇಳುತ್ತಿದ್ದರು: ಹಿಡಿ, ಎತ್ತು, ತಿರುಗು, ಬಿಡು. ಹಿಂದಿನಿಂದ ಬಂದ ಮಾತನ್ನು ಕಟ್ಟೆಯಲ್ಲಿ ಬಿಡುವಂತಿಲ್ಲ. ಇಳಿಸುವವಳು ಹುಣಸೆಬೀಜ ಇಡುತ್ತಿದ್ದಳು, ಹೊಂಗೆಬೀಜ ಇಡುತ್ತಿದ್ದಳು, ಗುಲಗಂಜಿ ಇಡುತ್ತಿದ್ದಳು, ಕವಡೆ ಇಡುತ್ತಿದ್ದಳು. ಆಮೇಲೆ ಕಿರುಬೆರಳಿನಿಂದ ಗುಲಗಂಜಿಯನ್ನು ಮೆಲ್ಲನೆ ತಳ್ಳುತ್ತಿದ್ದಳು. ಅದು ಹಲಗೆಯಿಂದ ಜಾರಿ, ನೆಲದ ಮೇಲೆ ಉರುಳಿ, ಮೂಲೆ ಸೇರುತ್ತಿತ್ತು. ದಿನ ಕಳೆದಂತೆ ಆ ಮೂಲೆಯಲ್ಲಿ ಕೆಂಪಗೆ ಗುಡ್ಡೆ ಬಿತ್ತು. ಪ್ರತಿಯೊಂದಕ್ಕೂ ಒಂದು ಕರಿಯ ಕಣ್ಣು. ಗುಡಿಸುವವಳು ಬಂದರೆ, ಅದನ್ನು ಬಿಡು, ಅಲ್ಲೇ ಇರಲಿ, ನೋಡಲು ಚೆನ್ನಾಗಿದೆ ಎನ್ನುತ್ತಿದ್ದಳು.

ಬೇಸಿಗೆಯುದ್ದಕ್ಕೂ ಒಂದು ಒಲೆಯೂ ತಣ್ಣಗಾಗಲಿಲ್ಲ. ಸಂಜೆಯಾದರೆ ನಾಲ್ಕು ಬಾಗಿಲು ಒಂದೇ ಬಾಗಿಲಿನ ಹಾಗೆ ಮುಚ್ಚುತ್ತಿದ್ದವು. ತಾಯಂದಿರು ಮಕ್ಕಳನ್ನು ಎದೆಗೊತ್ತಿಕೊಳ್ಳದೆ ಮಲಗಿಸುವುದನ್ನು ಕಲಿತರು. ದಾರಿಯಲ್ಲಿ ಇಳಿಸುವವಳು ಸಿಕ್ಕರೆ ಹೆಂಗಸರು ಅವಳ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಆ ಕೈ ಗಂಟು ಕಟ್ಟಿ ಎಷ್ಟೋ ಕಾಲವಾಗಿತ್ತು. ಬೆರಳ ತುದಿಯ ಜಡ್ಡೆಲ್ಲ ಉದುರಿ ಮೆತ್ತಗಾಗಿತ್ತು. ಅವಳು ಸುಖವಾಗಿದ್ದಳು, ಅದನ್ನು ಯಾಕೆ ಮುಚ್ಚಿಡಬೇಕು.

ಆಮೇಲೆ ಮೇಲಿನ ಸೀಮೆಯಲ್ಲಿ ಮಳೆಯಾಯಿತು. ಹೊಳೆ ಕೆಂಪಾಗಿ ಬಂತು. ಬೆಳಿಗ್ಗೆ ಗಂಡ ಸಲಿಕೆ ಹೆಗಲಿಗೇರಿಸಿದ.

"ಗುಂಡಿ ತುಂಬಿರುತ್ತೆ ಇವತ್ತು. ಬರೋದು ತಡ ಆಗ್ಬೋದು."

ಅವಳು ರೊಟ್ಟಿ ಕಟ್ಟಿಕೊಟ್ಟಳು. "ಹುಷಾರು ಕಣ್ರಿ. ನೀರು ಜಾಸ್ತಿ ಇದೆ."

"ಅವ್ರು ನೋಡ್ತಾರಲ್ಲ, ಬಿಡು," ಅಂದು ಹೋದ.

ಆ ಮಾತನ್ನು ಅವಳು ಎಷ್ಟೋ ಸಲ ಕೇಳಿದ್ದಳು. ಅವನು ಅದನ್ನು, ಹೋಗಿ ಬರ್ತೀನಿ ಎಂಬುದರ ಬದಲಿಗೆ ಹೇಳುತ್ತಿದ್ದ. ಅವಳು ಒಲೆಯ ಕೆಂಡ ಬೂದಿಯಲ್ಲಿ ಮುಚ್ಚಿ ಕೆಲಸಕ್ಕೆ ಹೊರಟಳು.

ಸಂಜೆ ಕೆಂಪಾಯಿತು. ಕಟ್ಟೆಯಿಂದ ಮಾತು ಬಂತು. ಅವಳು ಬೀಜ ಇಟ್ಟಳು, ಕಿರುಬೆರಳಿನಿಂದ ಗುಲಗಂಜಿಯನ್ನು ತಳ್ಳಿದಳು. ಹಗ್ಗದವಳು ಹಲಗೆ ನೋಡಿ ಗಂಟು ಬಿಗಿದು ಬುಟ್ಟಿಯನ್ನು ತಂತಿಗೆ ಬಿಟ್ಟಳು. ಅಂದು ಗುಲಗಂಜಿ ಮೂಲೆಗೆ ಹೋಗಲಿಲ್ಲ. ಅವಳ ಕಾಲ ಬಳಿಯೇ ಉರುಳಿ ನಿಂತಿತು, ಕರಿಯ ಕಣ್ಣು ಮೇಲೆ ಮಾಡಿಕೊಂಡು. ಅವಳು ಅದನ್ನು ನೋಡಿದಳು. ಅವ್ರು ನೋಡ್ತಾರಲ್ಲ, ಬಿಡು.

ಅವಳು ಎದ್ದು ಓಡಿದಳು. ಸೆರಗು ಜಾರಿದ್ದು, ಬೀಜದ ಹಲಗೆ ಮಗುಚಿದ್ದು, ಹಿಂದಿನಿಂದ ನಗಾರಿಯವಳು ಕೂಗಿದ್ದು ಯಾವುದೂ ಅವಳಿಗೆ ತಿಳಿಯಲಿಲ್ಲ. ತಂತಿಯ ಮೇಲೆ ಬುಟ್ಟಿ ಮುಂದೆ ಮುಂದೆ ಇಳಿಯುತ್ತಿತ್ತು, ಅವಳು ಅದರ ಕೆಳಗೆ ಓಡುತ್ತಿದ್ದಳು. ದಾರಿಯುದ್ದಕ್ಕೂ ಜನ ಅವಳಿಗೆ ಕೈಮುಗಿದರು.

ಅವಳು ಮುಟ್ಟುವ ಹೊತ್ತಿಗೆ ಕಾಯುವವರು ಹಗ್ಗ ಓದಿ ಗೂಟಕ್ಕೆ ನೇತುಹಾಕಿದ್ದರು. ಹಲಗೆಯನ್ನು ಮೇಲೆ ತೂಗಿ ಹಿಡಿದ ದಪ್ಪ ಹಗ್ಗವನ್ನು, ಮೋಕನ್ನು, ಹಿಡಿದು ಹೊಳೆಯ ಕಡೆ ಮುಖ ಮಾಡಿ ನಿಂತಿದ್ದರು. ಅವರ ಬೆನ್ನಿನಾಚೆ, ಕೆಳಗೆ, ಗುಂಡಿಯಲ್ಲಿ ಅವಳ ಗಂಡ ನಿಂತಿದ್ದ. ಸೊಂಟದವರೆಗೆ ಕೆಸರು. ಸಲಿಕೆಯನ್ನು ಬದಿಗೆ ಒರಗಿಸಿ, ಅವನು ಆಗಲೇ ಕೈ ಎತ್ತಿದ್ದ. ಆ ಬೆನ್ನುಗಳನ್ನೇ ನೋಡುತ್ತಾ, ಈಗ ತಿರುಗುತ್ತಾರೆ ಎಂದು ಕಾಯುತ್ತಾ ನಿಂತಿದ್ದ. ಮುಖದಲ್ಲಿ ಗಾಬರಿಯ ಸುಳಿವೂ ಇರಲಿಲ್ಲ.

ಅವಳು ಅವನನ್ನು ಕೂಗಿದಳು. ಹೊಳೆಯ ಅಬ್ಬರದಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ. ಗುಂಡಿಗೆ ಇಳಿಯುವ ದಾರಿ ಆಚೆ ಬದಿಗಿತ್ತು, ಅಲ್ಲಿಗೆ ಹೋಗಬೇಕಾದರೆ ಹಲಗೆಯ ಕೆಳಗೇ ದಾಟಬೇಕು. ಅವಳು ಹಿರಿಯ ಕಾವಲುಗಾರನ ತೋಳು ಹಿಡಿದು ಜಗ್ಗಿದಳು. "ಹಿಂದೆ ನೋಡಪ್ಪ. ನಿನ್ ಕಾಲಿಗ್ ಬೀಳ್ತೀನಿ, ಒಂದೇ ಒಂದ್ಸಲ ಹಿಂದೆ ನೋಡು." ಅವನು ಅವಳ ಬಾಯಿಯನ್ನು ನೋಡಿದ. ಅದು ಗಂಟಾಗಿರಲಿಲ್ಲ. ಅವನು ಮತ್ತೆ ಹೊಳೆಯ ಕಡೆ ಮುಖ ಮಾಡಿದ.

ಅವಳು ಗೂಟದಿಂದ ಹಗ್ಗ ಕಿತ್ತುಕೊಂಡಳು. ಅದರ ತುದಿಯಲ್ಲಿ ಆ ಗಂಟನ್ನು ಕಟ್ಟಲು ಹೊರಟಳು, ಒಂದು ಕಾಲದಲ್ಲಿ ಕಣ್ಣು ಮುಚ್ಚಿಕೊಂಡು ಕಟ್ಟುತ್ತಿದ್ದ ಗಂಟನ್ನು. ಬೆರಳಿಗೆ ಗುಲಗಂಜಿ ನೆನಪಿತ್ತು, ಗಂಟು ನೆನಪಿರಲಿಲ್ಲ. ಒಂದು ಸುತ್ತು ಹಾಕಿ ಒಳಗಿನಿಂದ ಎಳೆದಳು, ಬಿಚ್ಚಿಕೊಂಡಿತು. ಮೇಲೆ ಕೀಲು ಎತ್ತಿದ ಸದ್ದಾಯಿತು. ಮತ್ತೆ ಸುತ್ತು ಹಾಕಿ ಹೊರಗಿನಿಂದ ಎಳೆದಳು. ಅದು ಬೇರಾವುದೋ ಗಂಟಾಯಿತು. ಗಂಡನ ಕೈ ಇನ್ನೂ ಮೇಲೆಯೇ ಇತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿ ಮತ್ತೆ ಹಾಕಿದಳು. ಮೋಕು ಜರ್ರನೆ ಸಡಿಲವಾಯಿತು. ಹಲಗೆ ಬಿತ್ತು.

ಆಗ ಗಂಟು ಸರಿಯಾಗಿ ಬಂತು.

ಅವಳು ಅದನ್ನು ಹಿರಿಯ ಕಾವಲುಗಾರನ ಕೈಗೆ ಕೊಟ್ಟಳು. ಅವನು ಬೆರಳಾಡಿಸಿ ಓದಿದ. ಉಳಿದವರಿಗೆ ತೋರಿಸಿದ. ಎಲ್ಲರೂ ತಿರುಗಿದರು. ಗುಂಡಿ ಇದ್ದಲ್ಲಿ ಕೆಂಪು ನೀರು ಸುತ್ತುತ್ತಿತ್ತು. ಅವರು ಸರಿಯಾಗಿ, ಒಂದಿಷ್ಟೂ ಅವಸರ ಮಾಡದೆ, ಹೇಳಿದಷ್ಟು ಹೊತ್ತು ನೋಡಿದರು. ಎತ್ತಿದ ಕೈ ಯಾವುದೂ ಕಾಣಲಿಲ್ಲ. ಆದ್ದರಿಂದ ಕಾಯಬೇಕಾಗಿರಲಿಲ್ಲ. ಮತ್ತೆ ಹೊಳೆಯ ಕಡೆ ತಿರುಗಿ ನಿಂತರು.

ಮರುದಿನ ಅವಳ ಮನೆಯ ಒಲೆ ತಣ್ಣಗಿತ್ತು. ಬೂದಿ ಬಳಿಯಲು ಬಂದ ಪಕ್ಕದ ಮನೆಯವರು, ಅವಳು ಒಳಗೇ ಕೂತಿದ್ದನ್ನು ಕಂಡು ಏನು ಮಾಡಬೇಕೆಂದು ತಿಳಿಯದೆ ಹಿಂತಿರುಗಿದರು.

ಅವಳು ಸೆರಗಿನ ತುಂಬ ಗುಲಗಂಜಿ ತುಂಬಿಕೊಂಡು ಕಟ್ಟೆಗೆ ಹೋಗಿ ಹಿರಿಯರ ಮುಂದೆ ಸುರಿದಳು.

"ಇದನ್ನ ಮತ್ತೆ ಹಲಗೆ ಮೇಲೆ ಇಡ್ಬೇಕು ಸ್ವಾಮಿ."

"ಇಟ್ರೆ ಬಾಗಿಲಿಗೇನಾಗುತ್ತೆ ತಾಯಿ?"

"ಬಾಗಿಲಿಗೆ ಏನೂ ಆಗಲ್ಲ."

ಹಿರಿಯರೇನು ಕೆಟ್ಟವರಲ್ಲ; ಅವರ ಕಣ್ಣಲ್ಲೂ ನೀರಿತ್ತು. ನಡುವೆ ಕೂತವನು ಮಾತೆತ್ತಿದ.

"ನೋಡಮ್ಮ, ಇಡೋದಾದ್ರೆ ನಾಲ್ಕೂ ಬಾಗಿಲಿಗೆ ಇಟ್ಟ ಹಾಗಾಗುತ್ತೆ. ಹಲಗೆ ಒಂದೇ ಅಲ್ವಾ, ನೀನೇ ಮಾಡಿದ್ದು. ಕಲ್ಲುಬಾಗಿಲು ಮತ್ತೆ ಹಿಂದೆ ಬೀಳುತ್ತೆ. ಇದನ್ನ ತೆಗೆದ್ಮೇಲೆ ಊರಲ್ಲಿ ಒಂದು ಒಲೆಯಾದ್ರೂ ತಣ್ಣಗಾಯ್ತಾ, ನೀನೇ ಹೇಳು."

"ನಮ್ಮನೇದು ಆಗಿದೆ."

"ಅದು ಬೇರೆ," ಅಂದ ಅವನು. ಮಾತು ಮುಗಿಯುವ ಹೊತ್ತಿಗೆ ಕಾಲ ಬಳಿ ಉರುಳಿ ಬಂದ ಗುಲಗಂಜಿಯನ್ನು ಅವನು ಅರಿವಿಲ್ಲದೆಯೇ ಕಿರುಬೆರಳಿನಿಂದ ಆಚೆ ತಳ್ಳಿದ.

ಅವಳು ಇಳಿಸುವ ಮನೆಗೆ ಹಿಂತಿರುಗಲಿಲ್ಲ. ಹೊಳೆ ಇಳಿದಿರಲಿಲ್ಲ, ಗುಂಡಿಗೆ ಹೂಳು ಬರುತ್ತಲೇ ಇತ್ತು. ಅದನ್ನು ತೆಗೆಯಲು ಊರಿನಲ್ಲಿ ಯಾರೂ ಮುಂದೆ ಬರಲಿಲ್ಲ. ನೀರು ಬಸಿದ ಮೇಲೆ ಗಂಡನನ್ನು ಮಣ್ಣು ಮಾಡಿ, ಅವನ ಸಲಿಕೆಯನ್ನು ಹೆಗಲಿಗೇರಿಸಿ ಅವಳೇ ಹೋದಳು. ಹೋಗುವ ಮುಂಚೆ ಇಳಿಸುವ ಮನೆಯ ಹೊಸ್ತಿಲಲ್ಲಿ ನಿಂತಳು. ನಗಾರಿಗೆ ಬೇರೊಬ್ಬಳನ್ನು ಇಟ್ಟಿದ್ದರು, ಈಗ ಬೀಜದ ಹಲಗೆಯ ಮುಂದೆ ಕೂತವಳು ನಗಾರಿಯವಳು.

"ಅಕ್ಕಾ, ಹೋಗ್ಬೇಡಿ," ಅಂದಳು ಅವಳು. "ನಾನೇ ಅಲ್ವಾ ತೆಗೀರಿ ಅಂದಿದ್ದು."

"ತೆಗೆದಿದ್ದು ನಾನು. ಹೂಳು ತೆಗೀದಿದ್ರೆ ಹಲಗೆ ಕೂರಲ್ಲ. ಹಲಗೆ ಕೂರದಿದ್ರೆ ಯಾರ ಮನೆ ತೊಟ್ಟಿಲೋ ಖಾಲಿ ಆಗುತ್ತೆ."

"ಗುಲಗಂಜಿ ಹಲಗೆ ಮೇಲೆ ಇಡೋಕೆ ಹಿರಿಯರು ಬಿಡಲ್ಲ ಅಕ್ಕ. ದಿನಾ ಬಂದು ನೋಡ್ಕೊಂಡು ಹೋಗ್ತಾರೆ."

"ಗೊತ್ತು," ಅಂದು ಅವಳು ಇಳಿಜಾರು ಹಿಡಿದಳು.

ಅಂದು ಅವಳು ಸಂಜೆಯವರೆಗೂ ಬಗ್ಗಿ ಹೂಳು ತೆಗೆದಳು. ಮೇಲೆ ತಂತಿ ಕಿರುಗುಟ್ಟಿದಾಗ ಸಲಿಕೆಯನ್ನು ಒರಗಿಸಿ, ಗಂಡ ನಿಂತಿದ್ದ ಕಡೆಯೇ ನಿಂತು, ಕೈ ಎತ್ತಿದಳು. ಮೇಲೆ ಬೆನ್ನುಗಳು. ಅಗಲವಾದ, ಒದ್ದೆಯಾದ, ಏನೂ ಹೇಳದ ಬೆನ್ನುಗಳು. ಮೋಕು ಹಿಡಿದರು. ಕೀಲು ಎತ್ತಿದರು. ಓಡಬೇಕೆಂದರೆ ಕೆಸರು ಕಾಲು ಬಿಡದು. ಗಂಡ ಇದನ್ನೆಲ್ಲ ದಿನಾ ನೋಡುತ್ತಿದ್ದನಲ್ಲ, ಆದರೂ ಮನೆಗೆ ಬಂದು ಒಳ್ಳೆಯ ಜನ ಎನ್ನುತ್ತಿದ್ದನಲ್ಲ ಎಂದು ನೆನೆದು ಅವಳಿಗೆ ಅಳು ಬಂತು.

ಬೆನ್ನುಗಳು ತಿರುಗಿದವು. ಕಣ್ಣುಗಳು ಕೆಳಗೆ ನೋಡಿದವು. ಅವಳು ಕೈ ಇಳಿಸದೆ ಕೆಸರಿನಿಂದ ಕಾಲು ಕಿತ್ತು ಕಿತ್ತು ದಂಡೆ ಹತ್ತುವವರೆಗೂ ಕಾದವು. ಅವಳು ಕೈ ಇಳಿಸಿದಳು. ಹಲಗೆ ಬಿತ್ತು.

ಗೂಟದ ಮೇಲಿದ್ದ ಹಗ್ಗವನ್ನು ಅವಳು ತೆಗೆದು ನೋಡಿದಳು. ಮೂರು ಗಂಟು ಹಗ್ಗದವಳ ಕೈಯವು, ನೇರ, ಬಿಗಿ. ನಡುವೆ ಒಂದು ಸೊಟ್ಟ ಗಂಟು ತುರುಕಿತ್ತು. ಯಾವತ್ತೂ ಗಂಟು ಕಟ್ಟದ, ನಗಾರಿಯ ಕೋಲು ಹಿಡಿದು ಒರಟಾದ ಕೈ ಕಟ್ಟಿದ್ದು. ಬೀಜದ ಹಲಗೆಯನ್ನು ಮುಟ್ಟದೆ, ಬುಟ್ಟಿ ಹೊರಡುವ ಮುಂಚೆ, ಹಗ್ಗದವಳು ಅತ್ತ ತಿರುಗಿದಾಗ ಕಟ್ಟಿದ್ದು. ಹಿರಿಯರು ಹಲಗೆಯನ್ನು ನೋಡುತ್ತಾರೆ, ಹಗ್ಗವನ್ನು ಯಾರೂ ನೋಡುವುದಿಲ್ಲ.

ಆ ಗಂಟು ಅರ್ಧ ಬಿಚ್ಚಿಕೊಂಡಿತ್ತು. ಇನ್ನೊಂದಿಷ್ಟು ಸಡಿಲವಾಗಿದ್ದರೆ ಕಾವಲುಗಾರನ ಬೆರಳಿಗೆ ಅದು ಗಂಟೆಂದೇ ತಿಳಿಯುತ್ತಿರಲಿಲ್ಲ. ಅವಳು ಅದನ್ನು ಬಿಚ್ಚಿ, ಯೋಚಿಸಿ ಯೋಚಿಸಿ, ಸರಿಯಾಗಿ ಕಟ್ಟಿದಳು. ಬೆಳಿಗ್ಗೆ ಮೇಲೆ ಹೋಗುವ ಬುಟ್ಟಿಯಲ್ಲಿಟ್ಟಳು. ಅಲ್ಲಿ ಆ ಒರಟು ಕೈ ಅದನ್ನು ಮುಟ್ಟಿ ಕಲಿಯಲಿ ಎಂದು.

ಈಗಲೂ ಹಾಗೇ ನಡೆಯುತ್ತಿದೆ. ನಾಲ್ಕು ಬಾಗಿಲು ಒಟ್ಟಿಗೆ ಮುಚ್ಚುತ್ತವೆ. ನೀರಬಾಗಿಲು ಮಾತ್ರ ಅವಳು ದಂಡೆ ಹತ್ತುವಷ್ಟು ಹೊತ್ತು ತಡವಾಗುತ್ತದೆ. ಅಷ್ಟರಲ್ಲಿ ಯಾವ ಒಲೆಯೂ ಆರಿಲ್ಲ. ಒಂದು ದಿನ ಆರಿದರೆ ಅದಕ್ಕೆ ಯಾರು ಉತ್ತರ ಹೇಳಬೇಕೋ ನನಗೆ ತಿಳಿಯದು. ನಗಾರಿಯವಳಿಗೆ ಜ್ವರ ಬರಬಹುದು. ಹಗ್ಗದವಳು ಅತ್ತ ತಿರುಗದೇ ಇರಬಹುದು. ಬೇರೆ ಯಾರಿಗಾದರೂ ಹೇಳಿಕೊಟ್ಟಿಡೋಣವೆಂದರೆ ಹಲಗೆಯಲ್ಲಿ ಅದಕ್ಕೆ ಕುಳಿಯಿಲ್ಲ. ಬುಟ್ಟಿ ಇಳಿಯುವ ಹೊತ್ತಿಗೆ ಅವಳು ಗುಂಡಿಯಲ್ಲಿರುತ್ತಾಳೆ. ಅಲ್ಲಿಂದ ಹಗ್ಗ ಕಾಣುವುದಿಲ್ಲ. ಸಂಜೆ ಕೆಂಪಾಗುತ್ತದೆ, ತಂತಿ ಕಿರುಗುಟ್ಟುತ್ತದೆ. ಅವಳು ಕೈ ಎತ್ತಿ, ಆ ಬೆನ್ನುಗಳನ್ನು ನೋಡುತ್ತಾ ನಿಲ್ಲುತ್ತಾಳೆ.